ಗೋಳವೆಂಬ ಪದ, ಅಕ್ಕನ ಪಥ್ಯ

ಬೆಳಗಿನ ಪೂಜೆಯಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇರಿಸಿಕೊಂಡಾಗ ಅದರ ಭಾಗಗಳನ್ನು ಒಂದೊಂದಾಗಿ ನೆನೆಯುವುದು ನಮ್ಮ ಮನೆಯ ರೂಢಿ. ವೃತ್ತ, ಕಟಿ, ವರ್ತುಲ, ಗೋಮುಖ, ನಾಳ, ಗೋಲಕ. ಮಠದ ಪಾಠಶಾಲೆಯಲ್ಲಿ ಗುರುಗಳು ಇದನ್ನು ಹೇಳಿಕೊಡುವಾಗ ಕೊನೆಯ ಪದದ ಬಳಿ ಸ್ವಲ್ಪ ನಿಲ್ಲುತ್ತಿದ್ದರು. ಗೋಲಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಎತ್ತಿಂದ ನೋಡಿದರೂ ಅದರ ಮುಖ ಒಂದೇ. ನಿರಾಕಾರನನ್ನು ಅಂಗೈಯಲ್ಲಿ ಹಿಡಿಯಬೇಕಾಗಿ ಬಂದಾಗ ಹಿರಿಯರು ಆರಿಸಿಕೊಂಡದ್ದು ಈ ರೂಪವನ್ನು ಎಂದು ಅವರು ಬಿಡಿಸಿ ಹೇಳುತ್ತಿದ್ದರು. ಆ ಮಾತನ್ನು ನಾನು ಇಂದಿಗೂ ನಂಬುತ್ತೇನೆ. ಆದರೆ ಹೋದ ವರ್ಷದಿಂದ ಆ ಪದದ ಬಳಿ ನಾನೂ ನಿಲ್ಲತೊಡಗಿದ್ದೇನೆ, ಮತ್ತು ನಿಂತಾಗ ನೆನಪಾಗುವುದು ಗುರುಗಳಲ್ಲ, ನನ್ನ ಅಕ್ಕ.

ಶಹಾಪುರದ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತ, ಕನ್ನಡಗಳನ್ನು ಕಲಿಸಿ ನಿವೃತ್ತನಾದವನು ನಾನು. ಅಲ್ಲಿ ವಿಜ್ಞಾನ ಕಲಿಸುತ್ತಿದ್ದ ಸಹೋದ್ಯೋಗಿಯೊಬ್ಬರಿಗೆ ಇಂಗ್ಲಿಷ್ ಪದವೊಂದು ಅಡ್ಡ ಬಂದರೆ ಅದರ ಕನ್ನಡ ಕೇಳಲು ನನ್ನ ಮೇಜಿನ ಬಳಿ ಬರುವ ಅಭ್ಯಾಸವಿತ್ತು. ಒಂದು ಮಧ್ಯಾಹ್ನ ಅವರು ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿ ಕುಳಿತರು.

"ಪಂಡಿತರ, ಈ ಸ್ಫಿಯರ್ ಅನ್ನೋದು ಎಲ್ಲಾ ಕಡಿ ತಲಿ ಹಾಕ್ತದ ನೋಡ್ರಿ. ಭೂಮಿ ಮ್ಯಾಲ ಅದ, ಗಾಳಿಯಾಗ ಅದ, ಕಡೀಕ ಮನುಷ್ಯಾನ ಮಿದುಳಿನಾಗೂ ಅದ. ಎಲ್ಲಾ ಕಡಿ ಹೊಂದೂವಂಥ ಒಂದು ಗಟ್ಟಿ ಪದ ಕೊಡ್ರಿ."

"ಗ್ರೀಕ್ ಮಂದಿ ಚೆಂಡಿಗೆ ಇಟ್ಟ ಹೆಸರದು," ಎಂದೆ. "ನಮ್ಮಲ್ಲಿ ಗೋಲ ಅದಲ್ಲ, ಮತ್ಯಾಕ ಹುಡುಕ್ತೀರಿ?"

"ಅದೂ ಚೆಂಡೇ ಏನ್ರಿ?"

"ಚೆಂಡೇ. ಅವರು ಆಡಿದ್ದೂ ಚೆಂಡೇ, ನಾವು ಆಡಿದ್ದೂ ಚೆಂಡೇ."

ಅವರು ನಕ್ಕರು. ಸಂಸ್ಕೃತದ ಗೋಲವನ್ನು ಕನ್ನಡದ ಗೋಳವಾಗಿಸಿ ಆ ವರ್ಷ ನಾವಿಬ್ಬರೂ ಒಂದು ಸಣ್ಣ ವಂಶವನ್ನೇ ಬೆಳೆಸಿದೆವು. ಎಷ್ಟೋ ಪದಗಳು ಪಠ್ಯಪುಸ್ತಕದಲ್ಲಿ ಮೊದಲೇ ಇದ್ದವು. ಅವನ್ನು ಮಕ್ಕಳಿಗೆ ಬಿಡಿಸಿ ಹೇಳುವುದಷ್ಟೇ ನಮ್ಮ ಕೆಲಸವಾಗಿತ್ತು. ಭೂಮಿಯ ಒಂದು ಪಾಲು ಅರ್ಧಗೋಳ, ಮಿದುಳಿನ ಒಂದು ಪಾಲೂ ಅರ್ಧಗೋಳ. ಉಸಿರಾಡುವುದೆಲ್ಲ ನೆಲೆಸಿದ ಪದರ ಜೀವಗೋಳ, ಅದರ ಕೆಳಗಿನ ಬಂಡೆಯ ಪದರ ಶಿಲಾಗೋಳ. ಮಸೂರದ ಬಾಗನ್ನು ಅಳೆಯುವ ಮೂರು ಕಾಲಿನ ಪುಟ್ಟ ಉಪಕರಣವು ಗೋಳಮಾಪಕ. ಭೂಮಿಯಂತೆ ಗುಂಡಗಿದ್ದೂ ಪೂರ್ತಿ ಗುಂಡಗಿಲ್ಲದ್ದು ಗೋಳಾಭ. ಶಾಲೆಯ ಕಿಟಕಿಯಿಂದ ಕಾಣುವ ಗುಡ್ಡದ ಮೇಲೆ, ನಮ್ಮ ಸಗರನಾಡಿನ ಎಲ್ಲ ಗುಡ್ಡಗಳ ಮೇಲಿರುವಂತೆ, ಗುಂಡುಕಲ್ಲುಗಳು ಒಂದರ ಮೇಲೊಂದು ಕುಳಿತಿದ್ದವು. ನನ್ನ ಸಹೋದ್ಯೋಗಿ ಅವನ್ನು ಮಕ್ಕಳಿಗೆ ತೋರಿಸಿ ಗೋಳಾಭವೆಂದರೆ ಇದೇ ಎನ್ನುತ್ತಿದ್ದರು. ಆ ವಂಶದ ಒಂದು ಪದವನ್ನು ಮಾತ್ರ ಅವರು ಕೇಳಲಿಲ್ಲ. ಅದು ಅವರ ಪಾಠದಲ್ಲಿ ಬರುತ್ತಿರಲಿಲ್ಲ. ಅದು ಬೇಕಾಗಿದ್ದದ್ದು ನಮ್ಮ ಮನೆಗೆ.

ನನಗಿಂತ ಹಿರಿಯಳಾದ ಅಕ್ಕನ ಕಣ್ಣುಗಳು ಚಿಕ್ಕಂದಿನಿಂದಲೇ ಹಳದಿ. ಕೆಲವು ತಿಂಗಳು ತಿಳಿಯಾಗಿ ಕಾಣುತ್ತಿದ್ದವು. ಒಂದು ಜ್ವರ ಬಂದುಹೋದರೆ ಮತ್ತೆ ಹಳದಿ ಏರುತ್ತಿತ್ತು. ಮೈಯಲ್ಲಿ ಕಸುವಿರಲಿಲ್ಲ. ಕೊಡ ಹೊತ್ತು ಬಾವಿಯಿಂದ ಬಂದವಳು ಕಟ್ಟೆಯ ಮೇಲೆ ಕುಳಿತು ಉಸಿರು ಹಿಡಿಯುತ್ತಿದ್ದಳು. ಅದಕ್ಕೆ ಊರಿನಲ್ಲಿ ಎಲ್ಲರೂ ಇಟ್ಟ ಹೆಸರು ಕಾಮಣಿ, ಎಂದರೆ ಕಾಮಾಲೆ. ಕಾಮಣಿಗೆ ಡಾಕ್ಟರ ಬಳಿ ಹೋಗಬಾರದು, ಸೂಜಿ ಚುಚ್ಚಿಸಿದರೆ ಜೀವಕ್ಕೆ ಕೇಡು ಎಂಬುದು ನಮ್ಮ ಕಡೆಯವರ ದೃಢವಾದ ನಂಬಿಕೆ. ಆದುದರಿಂದ ನೆಲನೆಲ್ಲಿಯ ರಸ ಕುಡಿಸುವ ಹಿರಿಯರೊಬ್ಬರ ಬಳಿ ಅವಳನ್ನು ಕರೆದೊಯ್ಯುತ್ತಿದ್ದರು. ಔಷಧಕ್ಕಿಂತ ಪಥ್ಯ ದೊಡ್ಡದು. ಎಣ್ಣೆ ಕೂಡದು, ಉಪ್ಪು ಕೂಡದು, ಖಾರ ಕೂಡದು, ಒಗ್ಗರಣೆಯ ವಾಸನೆಯೂ ಕೂಡದು. ಜೋಳದ ನುಚ್ಚು, ಸಪ್ಪನೆಯ ಮಜ್ಜಿಗೆ, ಅಷ್ಟೇ.

ಅವ್ವ ಆ ದಿನಗಳಲ್ಲಿ ತಾನೂ ಅದನ್ನೇ ಉಣ್ಣುತ್ತಿದ್ದಳು. ಮಗಳು ಸಪ್ಪೆ ಉಣ್ಣುವಾಗ ಎದುರಿಗೆ ಕುಳಿತು ರುಚಿಯಾದದ್ದನ್ನು ತಿನ್ನುವುದು ಪಾಪವೆಂದು ಅವಳ ಎಣಿಕೆ. ತಾಯಿಮಗಳಿಬ್ಬರೂ ಪರಾತವೆಂಬ ಒಂದೇ ಅಗಲ ತಟ್ಟೆಯಿಂದ ಉಪ್ಪಿಲ್ಲದ ನುಚ್ಚನ್ನು ತೆಗೆದುಕೊಂಡು ಉಣ್ಣುವುದನ್ನು ನಾನು ನೋಡುತ್ತ ಬೆಳೆದೆ. ಪಥ್ಯ ಮುಗಿಯುತ್ತಿತ್ತು, ಕಣ್ಣು ತಿಳಿಯಾಗುತ್ತಿತ್ತು, ಅವ್ವ ದೇವರ ಮುಂದೆ ಕಾಯಿ ಒಡೆಸುತ್ತಿದ್ದಳು. ಮತ್ತೆ ಕೆಲವು ತಿಂಗಳಿಗೆ ಹಳದಿ ಬರುತ್ತಿತ್ತು. ಔಷಧ ಕೊಡುವ ಹಿರಿಯರ ಕೈಗುಣವನ್ನು ಸಂಶಯಿಸುವಂತಿರಲಿಲ್ಲ. ಸುತ್ತಲಿನ ಹಳ್ಳಿಗಳವರೆಲ್ಲ ಅವರಿಂದ ಗುಣ ಕಂಡವರು. ಉಳಿದದ್ದು ಒಂದೇ ಕಾರಣ. ಹುಡುಗಿ ಕದ್ದು ತಿಂದಿದ್ದಾಳೆ.

ಒಂದು ಬೇಸಗೆಯಲ್ಲಿ ಅದು ಮಾತಿಗೆ ಬಂತು. ಹೊಸ ಮಾವಿನಕಾಯಿ ಉಪ್ಪಿನಕಾಯಿಯ ಭರಣಿಗೆ ಕಟ್ಟಿದ್ದ ಬಟ್ಟೆ ಸಡಿಲಾಗಿತ್ತು. ಹೊಸ ಉಪ್ಪಿನಕಾಯಿ ಉಕ್ಕಿದಾಗ ಬಟ್ಟೆ ತಾನಾಗಿಯೇ ಸಡಿಲಾಗುವುದುಂಟು. ಆದರೆ ಆ ವಾರವೇ ಅಕ್ಕನ ಕಣ್ಣಿಗೆ ಹಳದಿ ಮರಳಿತ್ತು. ಅವ್ವ ಭರಣಿಯನ್ನು ಪಡಸಾಲೆಗೆ ತಂದು ಅಕ್ಕನ ಮುಂದಿಟ್ಟಳು.

"ನಾ ನಿನ್ನ ಸಲುವಾಗಿ ಉಪ್ಪು ಬಿಟ್ಟೇನಿ. ನೀ ನನಗ ಹಿಂಗ ಮಾಡ್ತೀ ಏನ?"

"ನಾ ತಿಂದಿಲ್ಲಬೇ."

"ಮತ್ತ ಕಣ್ಣು ಯಾಕ ಹಂಗ ಆಗ್ಯಾವ? ಭರಣಿ ಬಾಯಿ ತಾನ ಬಿಚ್ಚಿಕೊಂತ?"

ಅಕ್ಕ ಕೊರಳಲ್ಲಿದ್ದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು. "ಲಿಂಗ ಮುಟ್ಟಿ ಹೇಳ್ತೀನಿ. ನಾ ಪಥ್ಯ ಕೆಡಿಸಿಲ್ಲ."

ಅವ್ವನ ಮುಖ ಬಿಳಿಚಿತು. "ಉಪ್ಪಿನಕಾಯಿ ತಿಂದಿದ್ರ ನಾ ಬಿಡ್ತಿದ್ದೆ. ಲಿಂಗ ಹಿಡಕೊಂಡು ಸುಳ್ಳು ಹೇಳಬ್ಯಾಡ. ಅದಕ್ಕ ಪ್ರಾಯಶ್ಚಿತ್ತ ಇಲ್ಲ," ಎಂದು ಭರಣಿಯನ್ನು ಎತ್ತಿಕೊಂಡು ಒಳಗೆ ಹೋದಳು. ಮುಂದೆ ಅಕ್ಕನ ಪಥ್ಯದ ದಿನಗಳಲ್ಲಿ ಅವ್ವ ಅವಳೊಡನೆ ಕೂತು ಸಪ್ಪೆ ಉಣ್ಣಲಿಲ್ಲ. ಬಡಿಸುತ್ತಿದ್ದಳು, ಪ್ರೀತಿಯನ್ನೇನೂ ಕಡಿಮೆ ಮಾಡಲಿಲ್ಲ. ಪರಾತ ಮಾತ್ರ ಬೇರೆಯಾಯಿತು. ಅಕ್ಕ ಅಂದಿನಿಂದ ಉಪ್ಪಿನಕಾಯಿ ಮುಟ್ಟಲಿಲ್ಲ. ಪಥ್ಯದಲ್ಲಿ ಮಾತ್ರವಲ್ಲ, ಎಂದಿಗೂ. ಮದುವೆಯಾಗಿ ಸುರಪುರದ ಬಳಿಯ ದೇವಾಪುರಕ್ಕೆ ಹೋದಳು. ಅಲ್ಲಿಗೆ ಅವಳಿಗಿಂತ ಮೊದಲೇ ಅವಳ ಹೆಸರು ತಲುಪಿತ್ತು, ಕಣ್ಣು ಹಳದಿಯಾದಾಗಲೆಲ್ಲ ಅದೇ ಮಾತು. ಬಾಯಿ ಕಟ್ಟಲಾರದಾಕಿ.

ಇದೆಲ್ಲ ನಡೆಯುವಾಗ ಅಪ್ಪನವರು ಪೂಜೆಯ ಕೋಣೆಯಲ್ಲಿರುತ್ತಿದ್ದರು. ಅವರ ಕಣ್ಣುಗಳೂ ಹಳದಿ. ಅವರು ಭಕ್ತರ ಮನೆಗಳಿಗೆ ಹೋಗಿ ಪೂಜೆ, ಲಿಂಗದೀಕ್ಷೆ ನಡೆಸುತ್ತಿದ್ದವರು. ಬಹಳ ದೂರ ನಡೆಯಲಾರದೆ ಮರದ ನೆರಳು ಕಂಡಲ್ಲಿ ಕುಳಿತುಬಿಡುತ್ತಿದ್ದರು. ಜನ ಅದನ್ನು ಧ್ಯಾನವೆಂದು ತಿಳಿದು ದೂರದಿಂದಲೇ ಕೈಮುಗಿದು ಹೋಗುತ್ತಿದ್ದರು. "ಅಯ್ನೋರ ಕಣ್ಣಾಗ ಬಂಗಾರ ಅದ, ಪೂಜಾಬಲ ಅದು," ಎಂದು ಭಕ್ತರು ಹೇಳುವುದನ್ನು ನಾವೆಲ್ಲ ಹೆಮ್ಮೆಯಿಂದ ಕೇಳಿದ್ದೇವೆ. ಅವರ ತಪಸ್ಸಿನಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಆದರೆ ಒಂದೇ ಮನೆಯಲ್ಲಿ, ಒಂದೇ ದೀಪದ ಬೆಳಕಿನಲ್ಲಿ, ಒಬ್ಬರ ಕಣ್ಣಿನ ಹಳದಿ ತೇಜಸ್ಸೆನಿಸಿ ಇನ್ನೊಬ್ಬರದು ಕಳವೆನಿಸಿದ್ದನ್ನು ನೆನೆದಾಗ ಮನಸ್ಸು ಬಹಳ ಹೊತ್ತು ಪೂಜೆಗೆ ಮರಳುವುದಿಲ್ಲ.

ಅಪ್ಪನವರು ಲಿಂಗೈಕ್ಯರಾದರು, ಎಷ್ಟೋ ವರ್ಷಗಳ ನಂತರ ಅವ್ವನೂ ಹೋದಳು. ಕೊನೆಯ ದಿನಗಳಲ್ಲಿ ಅಕ್ಕ ಬಂದು ಅವ್ವನ ಸೇವೆ ಮಾಡಿದಳು. ಒಂದು ಸಲ ಅವ್ವ ಅವಳ ಕೈ ಹಿಡಿದುಕೊಂಡು, "ಬಾಯಿ ಬಿಗಿ ಹಿಡಿಯವ್ವ, ಕಣ್ಣು ಕೆಡಿಸ್ಕೋಬ್ಯಾಡ," ಎಂದಳು. ಅಕ್ಕ "ಹ್ಞೂಂಬೇ" ಎಂದಳು. ಅಷ್ಟೇ ಆಡಿದ್ದು.

ಹೋದ ವರ್ಷ ಅಕ್ಕನ ಮೊಮ್ಮಗಳ ಕಣ್ಣಿಗೆ ಹಳದಿ ಬಂತು. ಹುಡುಗಿ ಸುರಪುರದ ಕಾಲೇಜಿಗೆ ಹೋಗುವವಳು, ಮಾತಿನಲ್ಲಿ ಚುರುಕು. ಅಕ್ಕನಿಂದ ಫೋನು ಬಂತು. ಎಂದೂ ಏನನ್ನೂ ಬೇಡದವಳ ದನಿಯಲ್ಲಿ ಒತ್ತಾಯವಿತ್ತು.

"ತಮ್ಮಾ, ಲಗೂನ ಬಾ. ನಮ್ಮ ಸೊಸಿ ಹುಡುಗಿನ್ನ ಮುಂದ ನಿಲ್ಲಿಸಿ ಕೇಳಾಕತ್ತಾಳ ನೋಡು. ಬಸ್‌ಸ್ಟ್ಯಾಂಡಿನಾಗ ಮಿರ್ಚಿ ಭಜಿ ತಿಂದಾಳಂತ, ಪಥ್ಯ ಕೆಡಿಸ್ಯಾಳಂತ. ಹುಡುಗಿ ಇಲ್ಲ ಅನ್ನಾಕತ್ತಾಳ. ಯಾರೂ ನಂಬವಲ್ಲರು."

"ನೀ ನಂಬ್ತೀ ಏನಕ್ಕ?"

"ನಾ ನಂಬ್ಲಾರ್ದ ಮತ್ಯಾರು ನಂಬಬೇಕು? ದೊಡ್ಡ ದವಾಖಾನಿಗೆ ಕರಕೊಂಡು ಹೋಗು. ಸೂಜಿ ಚುಚ್ಚಿದ್ರೂ ಚುಚ್ಚಲಿ."

ಮರುದಿನ ಹುಡುಗಿ ತಾಯಿಯೊಡನೆ ಶಹಾಪುರಕ್ಕೆ ಬಂದಳು. ಅಲ್ಲಿಂದ ಮೂವರೂ ಯಾದಗಿರಿಯ ಬಸ್ಸು ಹಿಡಿದೆವು. ಭೀಮೆಯ ಸೇತುವೆ ದಾಟುವವರೆಗೂ ತಾಯಿಮಗಳ ಜಗಳ ನಿಲ್ಲಲಿಲ್ಲ.

"ಮಿರ್ಚಿ ತಿಂದಿದ್ರ ತಿಂದೀನಿ ಅಂತಿದ್ದೆನವ್ವ. ನಿನಗ ಅಂಜ್ತೀನೇನು?"

"ನೋಡ್ರಿ ಮಾವಾರ, ಹೆಂಗ ಮಾತಾಡ್ತಾಳ. ಇಕಿ ಆಯಿದೂ ಇದೇ ಚಾಳಿ ಇತ್ತಂತ, ನಮ್ಮತ್ತಿ ಅತ್ತಿ ಹೇಳ್ತಿದ್ರು."

ಆಯಿ ಎಂದರೆ ಅಜ್ಜಿ, ನನ್ನ ಅಕ್ಕ. ನಾನು ಹೊಳೆಯ ಕಡೆ ಮುಖ ತಿರುಗಿಸಿದೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನ್ ಮಾಡಿದರು. ಡಾಕ್ಟರು ನಮ್ಮ ಕಡೆಯವರೇ ಆದ ಹೆಣ್ಣುಮಗಳು. ಅವರು ಮೊದಲು ಹುಡುಗಿಯನ್ನಲ್ಲ, ನನ್ನನ್ನು ಪ್ರಶ್ನಿಸಿದರು. "ಮನ್ಯಾಗ ಮತ್ತ ಯಾರಿಗರ ಹಿಂಗ ಕಣ್ಣು ಹಳದಿ ಆಗ್ತಿತ್ತೇನ್ರಿ, ಅಜ್ಜಾರ?" ಹುಡುಗಿಯ ಆಯಿಗೆ ಎಂದೆ. ಹುಡುಗಿಯ ಅಪ್ಪನಿಗೂ ಆಗಾಗ ಸ್ವಲ್ಪ ಎಂದು ಸೊಸೆ ಸೇರಿಸಿದಳು. ಆಮೇಲೆ ನನ್ನ ತಂದೆಯವರಿಗೆ ಎಂದೆ. ಆ ಮಾತನ್ನು ರೋಗದ ಪ್ರಶ್ನೆಗೆ ಉತ್ತರವಾಗಿ ಹೇಳಿದ್ದು ಅದೇ ಮೊದಲು.

ನಾನು ಮೇಷ್ಟರಾಗಿದ್ದವನೆಂದು ತಿಳಿದ ಡಾಕ್ಟರು ಪ್ರಯೋಗಾಲಯಕ್ಕೆ ಕರೆದೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿದರು. ಕನ್ನಡಕ ತೆಗೆದು ಬಾಗಿದೆ. ಕೆಂಪು ಬಿಲ್ಲೆಗಳು ಚೆಲ್ಲಿದ್ದವು. ಬಹಳಷ್ಟರ ನಡುವೆ ಬಣ್ಣ ತಿಳಿಯಾಗಿತ್ತು, ಹಿಟ್ಟಿನ ಉಂಡೆಯನ್ನು ತಟ್ಟಿ ಎರಡೂ ಕಡೆ ಹೆಬ್ಬೆಟ್ಟಿನಿಂದ ಒತ್ತಿದಂತೆ. ಅವುಗಳ ನಡುವೆ ಅಲ್ಲಲ್ಲಿ ಬೇರೆ ಕೆಲವು ಇದ್ದವು. ಸಣ್ಣವು, ಗಾಢವಾದವು, ಎಲ್ಲೂ ತಗ್ಗಿಲ್ಲದೆ ತುಂಬಿಕೊಂಡವು. ನೋಡಿದೊಡನೆ ಮನಸ್ಸು ಅವುಗಳ ಕಡೆಗೇ ಹೋಯಿತು.

"ಇವೇ ಚೆಂದ ಅವ," ಎಂದುಬಿಟ್ಟೆ.

ಡಾಕ್ಟರು ನಕ್ಕರು. "ಚೆಂದ ಅವ ಖರೇರಿ. ಆದ್ರ ಬಾಳಂಗಿಲ್ಲ. ಇದಕ್ಕ ಸ್ಫೆರೋಸೈಟ್ ಅಂತೀವಿ. ರಕ್ತದ ಕಣ ಬಿಲ್ಲಿ ಹಂಗ ಇರಬೇಕು, ನಡುವ ತಗ್ಗು ಇರಬೇಕು. ಹಂಗ ಇದ್ರ ಬಾಗ್ತದ, ಇಕ್ಕಟ್ಟಿನಾಗ ಸರದು ಹೋಗ್ತದ. ಇವು ಪೂರಾ ಗುಂಡಗ. ಹೊಟ್ಯಾಗ ಗುಲ್ಮ ಅನ್ನೋದು ಸಾಣಿಗಿ ಇದ್ದಂಗ ನೋಡ್ರಿ, ಬಾಗೂವಂಥವು ಪಾರಾಗ್ತಾವ, ಇವು ಸಿಕ್ಕೊಂಡು ಒಡೀತಾವ. ಒಡದಾಗ ಬರೂ ಹಳದಿನೇ ಕಣ್ಣಾಗ ಕಾಣೋದು. ಹುಟ್ಟಿನಿಂದ ಬಂದದ್ದು, ರಕ್ತದಾಗ ಮನಿತನದಿಂದ ಬಂದದ್ದು."

"ಉಣ್ಣೂದು ತಿನ್ನೂದರಿಂದ ಆಗ್ತದೇನ್ರಿ?" ಎಂದು ಕೇಳಿದೆ.

"ಏನೂ ಸಂಬಂಧ ಇಲ್ರಿ. ಪಥ್ಯ ಮಾಡಿದ್ರ ಹೋಗಂಗಿಲ್ಲ, ಮಿರ್ಚಿ ತಿಂದ್ರ ಬರಂಗಿಲ್ಲ. ಸಪ್ಪಿ ಉಣಿಸಿ ಉಣಿಸಿ ಮೊದಲೇ ರಕ್ತ ಇಲ್ಲದಾಕಿನ್ನ ಮತ್ತಷ್ಟು ಸೊರಗಸ್ತೀರಿ, ಅಷ್ಟ."

ಸೊಸೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಹುಡುಗಿ ತಾಯಿಯ ಭುಜಕ್ಕೆ ಭುಜ ತಾಕಿಸಿ, "ಬಸ್‌ಸ್ಟ್ಯಾಂಡಿನಾಗ ಇಳದ ಕೂಡ್ಲೆ ಮಿರ್ಚಿ ಕೊಡಸವ್ವ, ಡಾಕ್ಟರಮ್ಮಾರು ಹೇಳ್ಯಾರ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಮುತ್ಯಾ, ನೀವು ಗೋಳ, ಅರ್ಧಗೋಳ ಅಂತ ಪಾಠ ಮಾಡ್ತಿದ್ರಂತಲ್ಲ. ನೋಡ್ರಿ, ನನ್ನ ಮೈಯಾಗ ಎಷ್ಟು ಗೋಳ ಅವ," ಎಂದು ನಕ್ಕಳು.

ನುಂಗುವ ಮಾತ್ರೆ ಕೊಟ್ಟರು. ಖಚಿತಪಡಿಸುವ ಪರೀಕ್ಷೆಗೆ ಕಲಬುರಗಿಗೆ ಬರೆದುಕೊಟ್ಟರು. ಮುಂದೆ ಬೇಕಾದರೆ ಗುಲ್ಮವನ್ನು ತೆಗೆಯುವ ಚಿಕಿತ್ಸೆಯಿದೆ, ಈಗ ಅವಸರವಿಲ್ಲ ಎಂದರು.

ಮರಳುವ ದಾರಿಯಲ್ಲಿ ನಾನು ಮನಸ್ಸಿನಲ್ಲೇ ಸ್ಫೆರೋಸೈಟಿಗೆ ಕನ್ನಡ ಪದ ಕಟ್ಟಿದೆ. ಗೋಳಕಣ. ಕಟ್ಟಲು ಕ್ಷಣವೂ ಹಿಡಿಯಲಿಲ್ಲ. ಅದರ ಎರಡೂ ತುಂಡುಗಳು ನನ್ನ ಬಳಿ ಬಾಲ್ಯದಿಂದಲೇ ಇದ್ದವು. ಭೂಮಿಗೂ ಮಿದುಳಿಗೂ ಬಂಡೆಗೂ ಹಂಚಿದ ಆ ಮಾತು, ಪಡಸಾಲೆಯಲ್ಲಿ ಭರಣಿಯ ಮುಂದೆ ನಿಂತ ಹುಡುಗಿಯವರೆಗೆ ಬಂದಿರಲಿಲ್ಲ. ಪೂರ್ಣವಾದ ರೂಪವೇ ರಕ್ತದಲ್ಲಿ ದೋಷವಾಗುವುದೆಂದು ನಮ್ಮ ಗುರುಗಳಿಗೂ ತಿಳಿದಿರಲಿಲ್ಲ. ಶಿವನು ತನಗೆ ಪೂರ್ಣತೆಯನ್ನು ಇಟ್ಟುಕೊಂಡು ನಮ್ಮ ರಕ್ತಕ್ಕೆ ನಡುವಿನ ತಗ್ಗನ್ನು ಕರುಣಿಸಿದ್ದಾನೆ ಎಂದು ಒಮ್ಮೆ ತೋರಿತು. ಆ ಯೋಚನೆ ಅಕ್ಕನಿಗೆ ಯಾವ ಉಪಯೋಗಕ್ಕೂ ಬರುವಂಥದಲ್ಲವೆಂದು ಬಿಟ್ಟುಬಿಟ್ಟೆ.

ಶಹಾಪುರದಲ್ಲಿ ಇಳಿಯದೆ ನಾನೂ ಅವರೊಡನೆ ದೇವಾಪುರಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದಳು. ಮೊರವನ್ನು ಕೆಳಗಿಡದೆಯೇ ಎಲ್ಲವನ್ನೂ ಕೇಳಿದಳು. ನಾನು ಬಿಲ್ಲೆಯ ಮಾತು, ಸಾಣಿಗೆಯ ಮಾತು, ಗುಂಡಗಿನ ಕಣದ ಮಾತು ಹೇಳಿದೆ. ಅಪ್ಪನವರಿಂದ ಬಂದದ್ದೆಂದೂ ಹೇಳಿದೆ.

"ಅಪ್ಪಾರದೂ ಇದೇ ಏನು?"

"ಇದೇ ಅಕ್ಕ."

"ಅವರಿಗೆ ಯಾರೂ ಪಥ್ಯ ಹಚ್ಚಲಿಲ್ಲ ನೋಡು," ಎಂದು ಸ್ವಲ್ಪ ನಕ್ಕಳು. ಮೊರದಲ್ಲಿ ಒಂದು ಕಲ್ಲು ಆರಿಸಿ ಬಿಸಾಡಿದಳು. "ಹಂಗಾದ್ರ ನನ್ನ ಬಾಯಿ ತಪ್ಪಲ್ಲ."

"ಅಲ್ಲಕ್ಕ."

"ಲಿಂಗ ಮುಟ್ಟಿ ಹೇಳಿದ್ದೆ."

"ಹೌದು."

"ನೀ ಇದ್ದ್ಯಲ್ಲ ಅಲ್ಲಿ, ಸಣ್ಣಾವ ಇದ್ದಿ." ಅವಳು ಮೊರವನ್ನು ಕೆಳಗಿಟ್ಟಳು. "ಅವ್ವ ಇಲ್ಲ ಈಗ."

ಒಳಗೆ ಸೊಸೆ ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡಿ ಇಡುತ್ತಿದ್ದಳು. ಅವಳು ಅಳುತ್ತಿದ್ದಳೆಂದು ತೋರುತ್ತದೆ. ಊಟಕ್ಕೆ ಕರೆದಾಗ ಅವಳೇ ಮುಂದಾಗಿ ಅತ್ತೆಯ ತಾಟಿನ ಅಂಚಿಗೆ ಮಾವಿನಕಾಯಿ ಉಪ್ಪಿನಕಾಯಿ ಹಾಕಿದಳು. "ತಿನ್ರಿ ಅತ್ತಿ. ಈಗ ಯಾರೂ ಏನೂ ಅನ್ನಂಗಿಲ್ಲ," ಎಂದಳು. ಹುಡುಗಿಯೂ "ತಿನ್ರಿ ಆಯಿ," ಎಂದು ಗೋಗರೆದಳು. ಅಕ್ಕ ಬಹಳ ಹೊತ್ತು ಅದನ್ನು ನೋಡಿದಳು. ಆಮೇಲೆ ರೊಟ್ಟಿಯ ತುಂಡಿನಿಂದ ಅದನ್ನು ಎತ್ತಿ ಮೊಮ್ಮಗಳ ತಾಟಿಗೆ ಹಾಕಿದಳು.

"ನೀ ತಿನ್ನವ್ವ. ನನಗ ಅದರ ರುಚಿ ಮರತು ಹೋಗ್ಯಾದ."

ನಾನು ಹೊರಟಾಗ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು. "ಅಮಾಸಿಗೆ ಅವ್ವನ ಸಮಾಧಿಗೆ ಹೋಗ್ತೀ ಅಲ್ಲ, ಅಲ್ಲಿ ಹೇಳು. ನಾ ಹೇಳಿದ್ರ ನಂಬಂಗಿಲ್ಲ ಆಕಿ. ನೀ ಓದಿದಾವ, ನಿನ್ನ ಮಾತು ನಂಬ್ತಾಳ."

ಅಮಾವಾಸ್ಯೆಯ ಬೆಳಿಗ್ಗೆ ಹೊಲಕ್ಕೆ ಹೋಗಿ ಸಮಾಧಿಯ ಕಲ್ಲನ್ನು ತೊಳೆದೆ. ವಿಭೂತಿ ಹಚ್ಚಿ, ಪತ್ರಿ ಏರಿಸಿದೆ. ಹೆಂಡತಿಗೆ ಹೇಳಿ ಮಾಡಿಸಿಕೊಂಡು ಹೋಗಿದ್ದ ಉಪ್ಪಿಲ್ಲದ ನುಚ್ಚನ್ನೂ ಮಜ್ಜಿಗೆಯನ್ನೂ ಎಡೆ ಇಟ್ಟೆ. ಮಂತ್ರ ಮುಗಿದ ಮೇಲೆ ಹೇಳಬೇಕಾದದ್ದನ್ನು ಕ್ರಮವಾಗಿ ಹೇಳೋಣವೆಂದುಕೊಂಡೆ: ರಕ್ತದ ಕಣ, ಅದರ ಆಕಾರ, ಗುಲ್ಮ, ಅಪ್ಪನವರ ಕಣ್ಣು. ಗೋಳಕಣ ಎಂಬ ಪದ ನಾಲಿಗೆಯವರೆಗೆ ಬಂತು. ಅದು ಅವ್ವನಿಗೆ ಹೇಳುವ ಮಾತಾಗಿರಲಿಲ್ಲ.

"ಅವ್ವಾ, ಅಕ್ಕ ಉಪ್ಪಿನಕಾಯಿ ತಿಂದಿದ್ದಿಲ್ಲ," ಎಂದೆ.

ಜೋಳದ ತೆನೆಗಳ ಮೇಲೆ ಹಕ್ಕಿಗಳು ಕುಳಿತಿದ್ದವು. ಪಕ್ಕದ ಹೊಲದವರು ಅವನ್ನು ಓಡಿಸಲು ಕೂಗುತ್ತಿದ್ದರು. ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತು ಎದ್ದು ಬಂದೆ.

ಮಧ್ಯಾಹ್ನ ಅಕ್ಕನ ಫೋನು ಬಂತು. "ಹೇಳಿದಿ?"

"ಹೇಳಿದೆ."

"ಏನಂದ್ಳು?"

ಜೀವಮಾನವೆಲ್ಲ ಪದಗಳನ್ನು ಹುಡುಕಿಕೊಟ್ಟವನು ನಾನು. ಉಪ್ಪಿಲ್ಲದ ನುಚ್ಚು ಎಡೆ ಇಟ್ಟೆನೆಂದಷ್ಟೇ ಹೇಳಿದೆ. ಅಕ್ಕನೇ ನನ್ನನ್ನು ಬಿಡಿಸಿದಳು.

"ಇರ್ಲಿ ಬಿಡು ತಮ್ಮಾ. ಲಗೂನ ಒಪ್ಪಾಕಿ ಅಲ್ಲ ಆಕಿ. ಬರೂ ಅಮಾಸಿಗೆ ಮತ್ತೊಮ್ಮಿ ಹೇಳು."